ಕೊಬ್ಬರಿ ಕಚ್ಚಿದ ಒಂಬತ್ತನೇ ದಿನ

ನಮ್ಮ ಮನೆಯಲ್ಲಿ ಬಾಯಿಗೆ ಬರುವ ಕಾಯಿಲೆ ಕಾಯಿಲೆಯ ಲೆಕ್ಕಕ್ಕೇ ಇಲ್ಲ. ಜ್ವರ ಬಂದರೆ ಮಲಗಬಹುದು. ಸೊಂಟ ಹಿಡಿದರೆ ಯಾರಾದರೂ ಒಂದು ಹಂಡೆ ನೀರಾದರೂ ಕಾಯಿಸಿ ಕೊಡುತ್ತಾರೆ. ಹಲ್ಲು ಅಂದರೆ ಮಾತ್ರ "ಲವಂಗ ಇಟ್ಕೊ" ಅಂದು ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಹೋಗುತ್ತಾರೆ. ನಾನೂ ಹಾಗೆ ಅಂದವಳೇ. ಹಾಗಾಗಿ ಇದನ್ನು ಬರೆಯುತ್ತಿರುವುದು ಯಾರನ್ನೂ ದೂರುವುದಕ್ಕಲ್ಲ. ಬೆಳಿಗ್ಗೆ ಹಲ್ಲುಜ್ಜಿ ಉಗುಳಿದ್ದು ಕೆಂಪಗಿರುವುದನ್ನು ಕಂಡು, ಯಾರೂ ನೋಡುವುದಕ್ಕೆ ಮುಂಚೆ ಒಂದು ಚೊಂಬು ನೀರು ಹುಯ್ದು ಸುಮ್ಮನಾಗುವ ಹೆಂಗಸರು ಇನ್ನೂ ಎಷ್ಟೋ ಜನ ಇದ್ದಾರೆ. ಅವರಿಗೆ ಹೇಳಬೇಕು ಅನ್ನಿಸಿತು. ಜೊತೆಗೆ ನಾನೊಂದು ತಪ್ಪು ಮಾಡಿದ್ದೇನೆ, ಅದನ್ನೂ ಹೇಳಬೇಕು.

ನಮ್ಮದು ಹಾಲ್ಕುರಿಕೆ ಪಕ್ಕದ ಹಳ್ಳಿ. ತೋಟ ಸ್ವಲ್ಪ ಇದೆ, ಆದರೆ ಬದುಕು ನಡೆಯುವುದು ಕೊಬ್ಬರಿಯಿಂದ. ಸುತ್ತಲಿನ ಊರುಗಳಲ್ಲಿ ವರ್ಷಗಟ್ಟಲೆ ಅಟ್ಟದ ಮೇಲೆ ಒಣಗಿದ ಕಾಯಿ ಕೊಂಡು ತರುತ್ತೇವೆ. ಮಟ್ಟೆ ಸುಲಿಸಿ, ಚಿಪ್ಪು ಬಿಡಿಸಿ, ಉಂಡೆ ಕೊಬ್ಬರಿಯನ್ನು ತಿಪಟೂರಿನ ಮಂಡಿಗೆ ಹಾಕುತ್ತೇವೆ. ಓಡಾಟವೆಲ್ಲ ನಮ್ಮ ಯಜಮಾನರು ಸಿದ್ದಲಿಂಗಪ್ಪನವರದು. ಶೆಡ್ಡಿನಲ್ಲಿ ಕೂತು ಒಳ್ಳೆಯದು ಕೆಟ್ಟದ್ದು ಆರಿಸುವುದು ನನ್ನದು. ಅನುಮಾನ ಬಂದ ಕೊಬ್ಬರಿಯಿಂದ ಚಾಕುವಿನಲ್ಲಿ ಒಂದು ಚೂರು ಕೆತ್ತಿ, ಬಲಗಡೆಯ ಕೋರೆಹಲ್ಲಿಗೆ ಕೊಟ್ಟು ಕಚ್ಚುತ್ತೇನೆ. ಕಮಟು ಹಿಡಿದಿದ್ದರೆ ತಕ್ಷಣ ಗೊತ್ತಾಗುತ್ತದೆ. ದಿನಕ್ಕೆ ಎಷ್ಟು ಸಲ ಕಚ್ಚುತ್ತೇನೆ ಅಂತ ಯಾರಾದರೂ ಕೇಳಿದ್ದರೆ, ಎಷ್ಟು ಸಲ ಉಸಿರಾಡುತ್ತೀಯ ಅಂತ ಕೇಳಿದ ಹಾಗೆ ಅವರ ಮುಖ ನೋಡುತ್ತಿದ್ದೆ. ಇಪ್ಪತ್ತು ವರ್ಷದ ಅಭ್ಯಾಸ.

ಆ ಕೋರೆಹಲ್ಲು ಮತ್ತು ಅದರ ಹಿಂದಿನ ಹಲ್ಲು ಸಣ್ಣಗೆ ಅಲ್ಲಾಡಲು ಶುರುವಾಗಿ ಎಷ್ಟು ದಿನವಾಗಿತ್ತೋ ನನಗೆ ಗೊತ್ತಿಲ್ಲ. ವಸಡು ಊದುತ್ತಿತ್ತು, ಇಳಿಯುತ್ತಿತ್ತು. ಹಲ್ಲಿನ ಸಂದಿಗೆ ಸಿಕ್ಕಿದ್ದನ್ನು ತೆಗೆಯಲು ಪೊರಕೆಯಿಂದ ಒಂದು ಗರಿಕಡ್ಡಿ ಮುರಿದುಕೊಳ್ಳುತ್ತಿದ್ದೆ. ರಕ್ತ ಬಂದರೆ ಚಿಪ್ಪಿನ ಇದ್ದಿಲಿಗೆ ಉಪ್ಪು ಸೇರಿಸಿ ಇನ್ನೂ ಗಟ್ಟಿಯಾಗಿ ಉಜ್ಜುತ್ತಿದ್ದೆ. ನೋವು ಅಂತ ಹೇಳಿಕೊಳ್ಳುವ ನೋವು ಇರಲಿಲ್ಲ. ಈ ಕಾಯಿಲೆಯ ಕಳ್ಳತನವೇ ಅದು, ಸದ್ದು ಮಾಡದೆ ಒಳಗೇ ಇರುತ್ತದೆ.

ನನಗೆ ಗೊತ್ತಾಗಿದ್ದು ಬೇರೆ ದಾರಿಯಲ್ಲಿ. ಮಧ್ಯಾಹ್ನ ಊಟಕ್ಕೆ ಕೂತಾಗ ಯಜಮಾನರು ತಟ್ಟೆ ಎತ್ತಿಕೊಂಡು ಜಗಲಿಯ ಆ ತುದಿಗೆ ಹೋಗುವುದು ವಾಡಿಕೆಯಾಗಿತ್ತು. ಯಾವುದೋ ಹಳೆ ಜಗಳದ ಸಿಟ್ಟು ಅಂದುಕೊಂಡು ನಾನೂ ಮುಖ ದಪ್ಪ ಮಾಡಿಕೊಂಡೇ ಇದ್ದೆ. ಕೊನೆಗೊಂದು ದಿನ ತಡೆಯಲಾರದೆ, "ಅದೇನು ಸಿಟ್ಟು ಅಂತ ಬಾಯ್ಬಿಟ್ಟು ಹೇಳ್ರೀ, ಇಬ್ರೂ ನೆಮ್ಮದಿಯಾಗಿರಾಣ" ಅಂದೆ. ಅವರು ಅನ್ನ ಕಲೆಸುತ್ತಲೇ ತಲೆ ತಗ್ಗಿಸಿದರು.

"ಸಿಟ್ಟೂ ಇಲ್ಲ ಏನೂ ಇಲ್ಲ ಕಣೇ. ನಿನ್ ಬಾಯಿ ವಾಸ್ನೆ. ಹೇಳುದ್ರೆ ನೊಂದ್ಕತೀಯ ಅಂತ ಸುಮ್ಕಿದ್ದೆ."

"ಎಷ್ಟು ದಿನದಿಂದ?"

"ಎರಡು ವರ್ಷ ಆಯ್ತೇನೋ ಬುಡು."

ನೊಂದುಕೊಂಡೆ. ಆ ಮಾತಿಗಲ್ಲ, ಆ ಎರಡು ವರ್ಷಕ್ಕೆ. ಎರಡು ವರ್ಷ ನಾನು ಶೆಡ್ಡಿನ ಹೆಂಗಸರ ಕಿವಿಯಲ್ಲಿ ಗುಟ್ಟು ಹೇಳಿದ್ದೇನೆ, ಎಳೆ ಕೂಸುಗಳನ್ನು ಎತ್ತಿ ಮುದ್ದಾಡಿದ್ದೇನೆ, ಮದುವೆ ಮನೆಗಳಲ್ಲಿ ಎಲ್ಲರ ಮುಖದ ಹತ್ತಿರ ಹೋಗಿ ನಕ್ಕಿದ್ದೇನೆ. ಒಬ್ಬರಾದರೂ ಹೇಳಬಾರದಿತ್ತೇ ಅಂತ ಅಳು ಬಂತು. ಆಮೇಲೆ ಯೋಚಿಸಿದರೆ, ಹಾಗಿದ್ದ ಇನ್ನೊಬ್ಬರಿಗೆ ನಾನು ಹೇಳುತ್ತಿದ್ದೆನೇ? ಇಲ್ಲ. ಸೆರಗು ಮೂಗಿಗೆ ಅಡ್ಡ ಹಿಡಿಯುತ್ತಿದ್ದೆ ಅಷ್ಟೆ.

ತಿಪಟೂರಿನ ಹಲ್ಲಿನ ಡಾಕ್ಟರು ಕನ್ನಡಿ ಹಾಕಿ ನೋಡಿ, ಎರಡು ಹಲ್ಲನ್ನೂ ಹಿಡಿದು ಅಲ್ಲಾಡಿಸಿ, "ಇವೆರಡೂ ಉಳಿಯೋದು ಕಷ್ಟ. ಕೀಳಿಸಿದ್ರೆ ಸುಲಭ. ಉಳಿಸ್ಕೊಳ್ಳೋ ಆಸೆ ಇದ್ರೆ ತುಮಕೂರಿನ ಡೆಂಟಲ್ ಕಾಲೇಜಿಗೆ ಹೋಗಿ ಕೇಳಿ" ಅಂದರು. ಮನೆಗೆ ಬಂದು ಹೇಳಿದರೆ ನಮ್ಮತ್ತೆಗೆ ನಗುವೋ ನಗು. ಅವರ ಬಾಯಲ್ಲಿ ಒಂದೂ ಹಲ್ಲಿಲ್ಲ, ಅದರ ಬಗ್ಗೆ ಚಿಂತೆಯೂ ಇಲ್ಲ.

"ಹಲ್ಲೋದ್ರೆ ಹೋಯ್ತು ಬುಡೇ. ಮುದ್ದೆ ನುಂಗಾಕೆ ಹಲ್ ಯಾಕೆ?"

ಮಾತೇನೋ ಸರಿ. ಮುದ್ದೆಯನ್ನು ಅಗಿಯುವುದು ಅಂದರೆ ನಮ್ಮ ಕಡೆ ಅವಮಾನ. ಆದರೆ ನನಗೆ ನಮ್ಮಮ್ಮ ನೆನಪಾದರು. ನಲವತ್ತು ತುಂಬುವ ಹೊತ್ತಿಗೆ ಅವರ ಮೇಲಿನ ಹಲ್ಲೆಲ್ಲ ಹೋಗಿದ್ದವು. ಆಮೇಲೆ ಅವರು ಯಾರ ಜೊತೆಯೂ ಪಂಕ್ತಿಗೆ ಕೂತಿದ್ದನ್ನು ನಾನು ನೋಡಲಿಲ್ಲ. ಎಲ್ಲರದೂ ಆದ ಮೇಲೆ ಅಡುಗೆಮನೆಯಲ್ಲಿ ಬೆನ್ನು ಹಾಕಿ ಕೂತು ಉಣ್ಣುತ್ತಿದ್ದರು. ನನಗೀಗ ನಲವತ್ತನಾಲ್ಕು. ನನಗೆ ಹಲ್ಲು ಬೇಕಿತ್ತು. ಚಂದಕ್ಕೆ ಅಂತಲಾದರೂ ಅನ್ನಿ, ಜಂಬಕ್ಕೆ ಅಂತಲಾದರೂ ಅನ್ನಿ, ಆ ಎರಡು ಹಲ್ಲು ನನಗೆ ಬೇಕೇ ಬೇಕಿತ್ತು.

ಬೆಳಗಿನ ರೈಲಿಗೆ ತುಮಕೂರಿಗೆ ಹೋದೆ. ಕಾಲೇಜಿನ ವಸಡಿನ ವಿಭಾಗದ ಮುಂದೆ ಉದ್ದಕ್ಕೂ ಕಬ್ಬಿಣದ ಕುರ್ಚಿಗಳು. ಕೂತವರೆಲ್ಲ ಕರ್ಚೀಫನ್ನೋ ಸೆರಗನ್ನೋ ಬಾಯಿಗೆ ಹಿಡಿದಿದ್ದರು. ಜೀವಮಾನದಲ್ಲಿ ಮೊದಲ ಸಲ ನನ್ನಂಥವರೇ ಇಷ್ಟು ಜನರನ್ನು ಒಟ್ಟಿಗೆ ಕಂಡೆ, ನಿಜ ಹೇಳಬೇಕೆಂದರೆ ಸಮಾಧಾನವಾಯಿತು. ಪಕ್ಕದಲ್ಲಿ ತುರುವೇಕೆರೆ ಕಡೆಯ ಒಬ್ಬ ಬಸ್ ಕಂಡಕ್ಟರು ಇದ್ದರು. ಹಲ್ಲು ಉಳಿಸಿಕೊಳ್ಳೋ ಆಪರೇಷನ್ನಿಗೆ ಬಂದಿದ್ದೀರಾ ಅಂತ ಕೇಳಿದರು. ನನ್ನ ಹೆದರಿಕೆ ಗೊತ್ತಾಯಿತೋ ಏನೋ, ಅಷ್ಟು ಜನರ ಮಧ್ಯೆ ತುಟಿ ಮೇಲಕ್ಕೆತ್ತಿ ತೋರಿಸಿದರು.

"ನೋಡಿ ಅಕ್ಕ, ಈ ಹಲ್ಲು ಇನ್ನು ನಾಕೇ ತಿಂಗ್ಳು ಅಂದಿದ್ರು. ಆಪರೇಷನ್ ಮಾಡ್ಸಿ ಮೂರು ವರ್ಷ ಆಯ್ತು. ಸೀಟಿ ಹೊಡಿಯಾಕೆ ಹಲ್ ಬೇಕಲ್ವರಾ?"

ಗುರುತಿಲ್ಲದ ಗಂಡಸು ಬಾಯಿ ತೆರೆದು ತೋರಿಸಿದ್ದು ನನಗೆ ಆ ದಿನದ ದೊಡ್ಡ ಉಪಕಾರ. ಅವರ ಹೆಸರನ್ನೂ ಕೇಳಲಿಲ್ಲ.

ನನ್ನನ್ನು ನೋಡಿಕೊಂಡವರು ಡಾಕ್ಟರ್ ಶಬೀನಾ. ಇನ್ನೂ ಓದುತ್ತಿದ್ದ ಹುಡುಗಿ, ಹುಳಿಯಾರಿನವರು. ಗೆರೆ ಹಾಕಿದ ಸಣ್ಣ ಕಡ್ಡಿಯೊಂದನ್ನು ವಸಡಿನ ಸಂದಿಗೆ ಇಳಿಸಿ ಒಂದೊಂದು ಹಲ್ಲಿನ ಆಳ ಅಳೆದು ಕೂಗುತ್ತಿದ್ದರು. ಪಕ್ಕದಲ್ಲಿ ಇನ್ನೊಬ್ಬರು ಬರೆದುಕೊಳ್ಳುತ್ತಿದ್ದರು. "ಮೂರು. ಮೂರು. ನಾಲ್ಕು." ನನಗೂ ಅಂದಾಜಾಯಿತು, ಸಣ್ಣ ಅಂಕಿ ಬಂದರೆ ಒಳ್ಳೆಯದು ಅಂತ. ಬಲಗಡೆಗೆ ಬಂದಾಗ "ಎಂಟು" ಅಂದರು. ಆಮೇಲೆ ಸ್ವಲ್ಪ ತಡೆದು, ದನಿ ತಗ್ಗಿಸಿ, "ಒಂಬತ್ತು". ದನಿ ತಗ್ಗಿಸಿದ್ದು ನನಗಾಗಿ. ಕಣ್ಣು ಮುಚ್ಚಿಕೊಂಡೆ.

ಎಕ್ಸ್‌ರೇಯಲ್ಲಿ ಹಲ್ಲಿನ ಬೇರಿನ ಪಕ್ಕ ಮೂಳೆ ಇರಬೇಕಾದ ಕಡೆ ಕಪ್ಪಗೆ ಹಳ್ಳ ಬಿದ್ದಿತ್ತು. ಕಾಯಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ಗಿಟುಕು ಚಿಪ್ಪು ಬಿಟ್ಟು ಲೊಡಲೊಡ ಅಂದರೆ ಖುಷಿಪಡುವ ಕಸುಬು ನಮ್ಮದು. ಬಿಡಲಿ ಅಂತಲೇ ವರ್ಷ ಕಾಯುತ್ತೇವೆ. ಬಾಯೊಳಗೆ ಹಾಗಾದರೆ ಏನು ಅನ್ನುವುದು ಆ ಫಿಲ್ಮು ನೋಡಿದಾಗ ಅರ್ಥವಾಯಿತು. ಹೋದ ಮೂಳೆ ಮತ್ತೆ ಬರುತ್ತದಾ ಅಂತ ಕೇಳಿದೆ. ವಸಡು ಬಿಡಿಸಿ, ಸ್ವಚ್ಛ ಮಾಡಿ, ಹಳ್ಳಕ್ಕೆ ಮೂಳೆಪುಡಿ ತುಂಬಿ, ಮೇಲೊಂದು ಪೊರೆ ಮುಚ್ಚಿ ಹೊಲಿದರೆ ಒಂದಷ್ಟು ಬರಬಹುದು, ಪೂರ್ತಿ ಬರುತ್ತೆ ಅಂತ ಮಾತು ಕೊಡಲ್ಲ ಅಂದರು.

ಮೂಳೆಪುಡಿ ಅಂದ ಕೂಡಲೇ ನನಗೆ ಅತ್ತೆಯ ಮುಖ ಕಣ್ಮುಂದೆ ಬಂತು. ನಮ್ಮದು ಲಿಂಗ ಕಟ್ಟುವ ಮನೆ, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಸಂಕೋಚದಿಂದಲೇ, "ಯಾವುದರ ಮೂಳೆ ಡಾಕ್ಟ್ರಮ್ಮ?" ಅಂದೆ. ಆ ಹುಡುಗಿ ನಗಲಿಲ್ಲ. "ಒಳ್ಳೇದಾಯ್ತು ಕೇಳಿದ್ದು. ಪ್ರಾಣಿಗಳದ್ದೂ ಬರುತ್ತೆ. ನಿಮಗೆ ಫ್ಯಾಕ್ಟರೀಲಿ ಮಾಡಿದ್ದನ್ನೇ ಹಾಕ್ತೀನಿ. ಪೊರೆ ಮಾತ್ರ ನಿಮ್ಮದೇ ರಕ್ತದಿಂದ ಮಾಡೋದು" ಅಂದರು. ಮನೆಯಲ್ಲಿ ಇದನ್ನು ಹೇಳಿದಾಗ ನಮ್ಮತ್ತೆ ಬಹಳ ಹೊತ್ತು ಯೋಚಿಸಿ, "ನಿಂದೇ ರಕ್ತ ಅಂದ್ರೆ ಅಡ್ಡಿಲ್ಲ ಕಣೇ" ಅಂತ ಒಪ್ಪಿಗೆ ಕೊಟ್ಟರು.

ಆಪರೇಷನ್ನಿಗೆ ಮುಂಚೆ ಹಲ್ಲೆಲ್ಲ ಕ್ಲೀನು ಮಾಡಿದರು, ಇದ್ದಿಲಿನಲ್ಲಿ ಉಜ್ಜುವುದನ್ನು ಬಿಡಿಸಿದರು, ಬ್ರಷ್ಷು ಹಿಡಿಯುವುದನ್ನು ಒಂದನೇ ಕ್ಲಾಸಿನ ಮಗುವಿಗೆ ಕಲಿಸಿದ ಹಾಗೆ ಕಲಿಸಿದರು. ಆಪರೇಷನ್ನಿಗೆ ದಿನ ಕೊಡುವ ಮೊದಲು ವಿಭಾಗದ ದೊಡ್ಡ ಡಾಕ್ಟರು ಬಂದು ಕಟ್ಟುನಿಟ್ಟಾಗಿ ಹೇಳಿದರು. ಹೊಲಿಗೆ ಬಿಚ್ಚುವ ತನಕ ಆ ಕಡೆ ಬ್ರಷ್ ಇಲ್ಲ, ಆ ಕಡೆ ಅಗಿಯುವುದಿಲ್ಲ, ಎಳನೀರನ್ನೂ ಕೊಳವೆ ಹಾಕಿ ಎಳೆಯುವಂತಿಲ್ಲ. "ಇಷ್ಟು ಪಾಲಿಸಕ್ಕೆ ಆಗಲ್ಲ ಅಂದ್ರೆ ಈಗ್ಲೇ ಹೇಳಮ್ಮ. ಮಾತು ಕೇಳದವರಿಗೆ ನಾವು ಇದನ್ನ ಮುಂದುವರಿಸಲ್ಲ. ಅಂಥವರಿಗೆ ಕಿತ್ತುಹಾಕೋದೇ ವಾಸಿ." ಆಗಲಿ ಸಾರ್ ಅಂದೆ. ದೇವರ ಮುಂದೆ ನಿಂತವಳ ಹಾಗೆ ಕೈ ಮುಗಿದು ಅಂದೆ.

ಆಪರೇಷನ್ನು ನಾನು ಹೆದರಿದಷ್ಟು ಇರಲಿಲ್ಲ. ಸೂಜಿ ಚುಚ್ಚಿದ್ದು ಗೊತ್ತಾಯಿತು, ಆಮೇಲೆ ಕೆನ್ನೆ ಬೇರೆ ಯಾರದ್ದೋ ಆಯಿತು. ತೋಳಿನಿಂದ ತೆಗೆದ ರಕ್ತ ಮೂಲೆಯ ಮಷೀನಿನಲ್ಲಿ ಗಿರಗಿರ ತಿರುಗುವ ಸದ್ದು ಕೇಳಿಸುತ್ತಿತ್ತು. ಶಬೀನಾ ಡಾಕ್ಟರು ಒಂದೊಂದು ಹೊಲಿಗೆಗೂ "ಇನ್ನೊಂದೇ, ಇನ್ನೊಂದೇ" ಅಂತ ಸುಳ್ಳು ಹೇಳುತ್ತಾ ಮುಗಿಸಿದರು. ಬಾಗಿಲ ಹೊರಗೆ ಯಜಮಾನರು ಮಂಡಿ ಕೆಲಸ ಬಿಟ್ಟು ಬಂದು ಕೂತಿದ್ದರು. ರೈಲಿನಲ್ಲಿ ನನ್ನ ಕೆನ್ನೆಗೆ ಐಸು ಹಿಡಿದುಕೊಂಡೇ ತಿಪಟೂರಿನ ತನಕ ಬಂದರು. ಮುಖ ನನ್ನ ಕಡೆಗೇ ಇತ್ತು.

ಮನೆಯಲ್ಲಿ ರಾಗಿ ಅಂಬಲಿ, ಮೆತ್ತನೆಯ ಮುದ್ದೆ, ತಿಳಿಸಾರು. ಎಂಟು ದಿನ ಶಿಸ್ತಾಗಿ ಕಳೆದೆ. ಹೊಲಿಗೆಯ ದಾರ ನಾಲಿಗೆಗೆ ತಾಕಿದರೂ ಬೆಚ್ಚುತ್ತಿದ್ದೆ. ಒಂಬತ್ತನೇ ದಿನ ಕಂದಿಕೆರೆ ಕಡೆಯಿಂದ ಒಂದು ಲೋಡು ಕಾಯಿ ಬಂತು. ಚಿಪ್ಪು ಬಿಡಿಸುವ ಹೆಂಗಸರು ಶೆಡ್ಡಿನಿಂದ ಕೂಗಿದರು, "ಅಕ್ಕಾ, ಇದ್ಯಾಕೋ ಬಣ್ಣ ತಿರುಗೈತೆ, ನೋಡು ಬಾ." ಹೋದೆ. ಕೂತೆ. ಕೊಬ್ಬರಿ ಕೈಗೆ ತಗೊಂಡು, ಚಾಕುವಿನಲ್ಲಿ ಒಂದು ಚೂರು ಕೆತ್ತಿದೆ. ಮೂಸಿ ನೋಡಿದೆ. ತೀರ್ಮಾನ ಆಗಲಿಲ್ಲ.

ಕಚ್ಚಿದ ಮೇಲೆ ಗೊತ್ತಾಯಿತು ನಾನು ಕಚ್ಚಿದೆ ಅಂತ.

ಬಾಯಲ್ಲಿ ಏನೋ ಪಟ್ಟನೆ ಬಿಟ್ಟ ಹಾಗಾಯಿತು, ಹಿಂದೆಯೇ ಬೆಚ್ಚಗೆ ರಕ್ತ. ಹೆಂಗಸರು ನೋಡಬಾರದು ಅಂತ ಬಚ್ಚಲಿಗೆ ಓಡಿದೆ. ಕನ್ನಡಿಯಲ್ಲಿ ನೋಡಿದರೆ ಒಂದು ಹೊಲಿಗೆ ಹರಿದು ವಸಡಿನ ಅಂಚು ಬಾಯಿ ಬಿಟ್ಟುಕೊಂಡಿತ್ತು. ಅಲ್ಲೇ ಗೋಡೆಗೆ ಹಣೆ ಒತ್ತಿಕೊಂಡು ನಿಂತೆ. ನನ್ನ ಮೇಲೇ ನನಗೆ ಅಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ. ಯಾರಿಗೂ ಹೇಳಲಿಲ್ಲ, ಯಜಮಾನರಿಗೂ.

ಮಾರನೇ ದಿನವೇ ತುಮಕೂರಿಗೆ ಹೋದೆ. ಶಬೀನಾ ಡಾಕ್ಟರು ಬಾಯಿ ನೋಡಿ ಮುಖ ಸಪ್ಪಗೆ ಮಾಡಿಕೊಂಡರು. "ಏನಾಯ್ತಮ್ಮ?" "ತಾನಾಗೇ ಬಿಡ್ತು ಡಾಕ್ಟ್ರಮ್ಮ" ಅಂದೆ. ಅಷ್ಟು ಸಲೀಸಾದ ಸುಳ್ಳನ್ನು ನಾನು ಯಾವತ್ತೂ ಹೇಳಿದ್ದಿಲ್ಲ. ನಿಜ ಹೇಳಿದರೆ ಮುಂದಕ್ಕೆ ನೋಡುವುದಿಲ್ಲ, ಕಿತ್ತುಹಾಕುತ್ತಾರೆ ಅನ್ನುವ ಭಯ. ಅವರು ಚಿಮಟ ಹಿಡಿದು ಬಹಳ ಹೊತ್ತು ಗಾಯ ಸ್ವಚ್ಛ ಮಾಡಿ, ಮತ್ತೆ ಹೊಲಿಯಲು ಶುರು ಮಾಡುವಾಗ ದೊಡ್ಡ ಡಾಕ್ಟರು ಬಂದರು. ನೋಡಿದರು. ನನ್ನನ್ನೇನೂ ಕೇಳಲಿಲ್ಲ. ಆ ಹುಡುಗಿಯನ್ನೇ, ನನ್ನೆದುರಿಗೇ, ಬೈದರು. ಗಂಟು ಹಾಕುವುದನ್ನೇ ಇನ್ನೂ ಕಲಿತಿಲ್ಲವಾ, ಪೇಷಂಟು ಅಷ್ಟು ದೂರದಿಂದ ಬಂದು ಹೋಗುವುದು ಆಟಕ್ಕಾ ಅಂತ. ಅವರು "ಸಾರಿ ಸರ್" ಅಂದರು. ಕುರ್ಚಿಯಲ್ಲಿ ಮಲಗಿದ್ದ ನಾನು ಮೇಲಿನ ಲೈಟು ನೋಡುತ್ತಾ ಸುಮ್ಮನಿದ್ದೆ. ಬಾಯಲ್ಲಿ ಹತ್ತಿ ಇತ್ತು, ನಿಜ. ಹತ್ತಿ ಇಲ್ಲದಿದ್ದರೂ ಮಾತಾಡುತ್ತಿರಲಿಲ್ಲ.

ಆಮೇಲೆ ಒಂಬತ್ತು ತಿಂಗಳು. ಮೊದಲು ವಾರಕ್ಕೊಂದು ಸಲ, ಆಮೇಲೆ ತಿಂಗಳಿಗೊಂದು ಸಲ. ಹೋದಾಗಲೆಲ್ಲ ಆ ಹುಡುಗಿ ನಗುನಗುತ್ತಾ ಮಾತಾಡಿಸುತ್ತಿದ್ದರು, ನನಗೆ ಅವರ ಮುಖ ನೋಡಲು ಆಗುತ್ತಿರಲಿಲ್ಲ. ಬಾಯಿ ಸುಧಾರಿಸುತ್ತಿತ್ತು. ರಕ್ತ ನಿಂತಿತು. ಯಜಮಾನರ ತಟ್ಟೆ ಜಗಲಿಯ ನಡುವಿಗೆ ಬಂತು, ಆಮೇಲೆ ನನ್ನ ಪಕ್ಕಕ್ಕೆ. ಅತ್ತೆಯೂ ಒಂದು ದಿನ ನನ್ನ ಗಲ್ಲ ಹಿಡಿದು ಒಳಗೆಲ್ಲ ಇಣುಕಿ ನೋಡಿ, "ಗಟ್ಟಿಯಾದಂಗೈತೆ" ಅಂದರು. ಎಲ್ಲ ಸರಿಯಾಗುತ್ತಿದ್ದ ಹಾಗೆ ನನ್ನ ಸುಳ್ಳು ಮಾತ್ರ ದೊಡ್ಡದಾಗುತ್ತಿತ್ತು. ಈ ಸಲ ಹೇಳುತ್ತೇನೆ ಅಂತ ರೈಲು ಹತ್ತುತ್ತಿದ್ದೆ, ಮುಂದಿನ ಸಲ ಹೇಳುತ್ತೇನೆ ಅಂತ ಇಳಿಯುತ್ತಿದ್ದೆ.

ಒಂಬತ್ತನೇ ತಿಂಗಳು ಎಕ್ಸ್‌ರೇ ತೆಗೆದರು. ಫೋಟೊಕ್ಕೆ ಅಂತ ತುಟಿಗಳನ್ನು ಅಗಲಿಸುವ ಪ್ಲಾಸ್ಟಿಕ್ಕಿನ ಸಾಧನವನ್ನು ನನ್ನ ಬಾಯಿಗೆ ಸಿಕ್ಕಿಸಿದ್ದರು, ನಾನು ಕೋತಿಯ ಹಾಗೆ ಹಲ್ಲು ಕಿರಿದುಕೊಂಡು ಕೂತಿದ್ದೆ. ದೊಡ್ಡ ಡಾಕ್ಟರು ಎರಡು ಫಿಲ್ಮುಗಳನ್ನು ಪಕ್ಕಪಕ್ಕ ಹಿಡಿದು ನೋಡಿದರು. ಮೊದಲಿನ ಕಪ್ಪು ಹಳ್ಳದಲ್ಲಿ ಅರ್ಧಕ್ಕೂ ಮೇಲೆ ಬೂದು ಬಣ್ಣ ತುಂಬಿತ್ತು. ಕೋರೆಹಲ್ಲನ್ನು ಹಿಡಿದು ಅಲ್ಲಾಡಿಸಿದರು, ಕದಲಲಿಲ್ಲ. ಹಿಂದಿನದು ಇನ್ನೂ ಸ್ವಲ್ಪ ಆಡುತ್ತಿತ್ತು, ಅದಕ್ಕೆ ಒಳಗಿನಿಂದ ಸಣ್ಣ ತಂತಿ ಕಟ್ಟಿದರೆ ಸಾಕು ಅಂದರು. ನನ್ನ ಕಣ್ಣಲ್ಲಿ ನೀರು ತುಂಬಿಕೊಂಡಿತು. ಅಷ್ಟರಲ್ಲಿ ಅವರು ಶಬೀನಾ ಕಡೆ ತಿರುಗಿ, "ಅವತ್ತು ಹೊಲಿಗೆ ಬಿಡದೇ ಇದ್ದಿದ್ರೆ ಪೂರ್ತಿ ತುಂಬಿರೋದು. ನಿನ್ನ ಕೈಯಿಂದ ಕಳಕೊಂಡಿದ್ದು ಅದು. ನೆನಪಿಟ್ಕೊ" ಅಂದರು.

ಆ ಹುಡುಗಿ ತಲೆ ತಗ್ಗಿಸಿದ್ದು ಕಂಡು ನನಗೆ ತಡೆಯಲಾಗಲಿಲ್ಲ. ಏನೋ ಅಂದೆ, ಬಾಯಲ್ಲಿ ಆ ಪ್ಲಾಸ್ಟಿಕ್ಕು ಇದ್ದದ್ದರಿಂದ ಬರೀ ಎಂಜಲು ಸುರಿಯಿತು. ಎರಡೂ ಕೈಯಲ್ಲಿ ಅದನ್ನು ಕಿತ್ತು ತೆಗೆದೆ.

"ಅವರ ತಪ್ಪಿಲ್ಲ ಸಾರ್. ನಾನೇ ಕಚ್ಚಿದ್ದು. ಒಂಬತ್ತನೇ ದಿನ ಕೊಬ್ಬರಿ ಕಚ್ಚುದೆ. ಹೇಳುದ್ರೆ ಹಲ್ಲು ಕಿತ್ತಾಕ್ತೀರ ಅಂತ ಸುಳ್ಳು ಹೇಳುದೆ."

ದೊಡ್ಡ ಡಾಕ್ಟರು ನನ್ನನ್ನು ನೋಡಿದರು. ಆಮೇಲೆ ಶಬೀನಾರನ್ನು. "ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು ಸರ್" ಅಂದರು ಆ ಹುಡುಗಿ. "ಗಾಯ ಕ್ಲೀನ್ ಮಾಡುವಾಗ ಕೊಬ್ಬರಿ ಚೂರು ಸಿಕ್ತು."

"ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಇವರನ್ನ ಕಳಿಸಿಬಿಡ್ತಿದ್ರಿ ಸರ್."

ದೊಡ್ಡ ಡಾಕ್ಟರು "ಫೈಲಲ್ಲಿ ನಿಜ ಬರಿ" ಅಂದು ಫಿಲ್ಮುಗಳನ್ನು ಅವರ ಕೈಗೆ ಕೊಟ್ಟರು. ಬಾಗಿಲ ಹತ್ತಿರ ನಿಂತು ನನ್ನ ಕಡೆ ತಿರುಗಿ, "ಇನ್ನು ಮೇಲೆ ಕೊಬ್ಬರಿ ಕಚ್ಚೋಕೆ ಬೇರೆ ಯಾರನ್ನಾದ್ರೂ ಇಟ್ಕೊಳಮ್ಮ" ಅಂತ ಹೇಳಿ ಹೋದರು.

ನನಗೆ ಅಳು ಒತ್ತರಿಸಿಕೊಂಡು ಬಂತು. "ನಂಗಾದ್ರೂ ಒಂದು ಮಾತು ಕೇಳಬಾರದಿತ್ತಾ ಡಾಕ್ಟ್ರಮ್ಮ? ಒಂಬತ್ತು ತಿಂಗ್ಳು ಸುಮ್ನಿದ್ರಲ್ಲ."

"ಕೇಳ್ತಾನೇ ಇದ್ನಲ್ಲಮ್ಮ" ಅಂದರು. "ಬಂದಾಗೆಲ್ಲ, ನೀವು ಏಳೋ ಮುಂಚೆ, ಬೇರೆ ಏನಾದ್ರೂ ಹೇಳೋದಿದೆಯಾ ಅಂತ ಕೇಳ್ತಿರಲಿಲ್ವಾ?"

ಕೇಳುತ್ತಿದ್ದರು. ಪ್ರತಿ ಸಲವೂ ಕೇಳುತ್ತಿದ್ದರು. ಎಲ್ಲ ಡಾಕ್ಟರುಗಳೂ ಎಲ್ಲರಿಗೂ ಕೇಳುವ ಮಾತು ಅಂದುಕೊಂಡು ನಾನು ಪ್ರತಿ ಸಲವೂ ಏನಿಲ್ಲ ಅಂತ ಸೆರಗು ಸರಿಮಾಡಿಕೊಂಡು ಎದ್ದು ಬರುತ್ತಿದ್ದೆ. ಅವರು ಹತ್ತಿ ಕೊಟ್ಟರು, ಕಣ್ಣು ಒರೆಸಿಕೊಂಡೆ. ಮುಂದಿನ ತಾರೀಕು ಚೀಟಿಯಲ್ಲಿ ಬರೆದು ಕೈಗಿಟ್ಟು, ಆ ಹುಡುಗಿ ಅವತ್ತೂ ಅದೇ ದನಿಯಲ್ಲಿ ಕೇಳಿದರು, ಬೇರೆ ಏನಾದರೂ ಹೇಳುವುದಿದೆಯಾ ಅಮ್ಮ, ಅಂತ.

"ಇಲ್ಲ ಕಣಮ್ಮ" ಅಂದೆ. ಅವರ ಮುಖ ನೋಡಿಕೊಂಡೇ ಅಂದೆ.